ಆರು ಕ್ಯಾನು ಸಮುದ್ರ

ಪಾಂಡವಪುರದಲ್ಲಿ ನೀರಿಗೆ ಬರವಿಲ್ಲ. ಕೆ.ಆರ್.ಎಸ್. ನಾಲೆಯ ದಯೆಯಿಂದ ಗದ್ದೆಗೆ, ಕಬ್ಬಿಗೆ, ಎಮ್ಮೆ ಮೈ ತೊಳೆಯುವುದಕ್ಕೆ, ಅಣ್ಣತಮ್ಮಂದಿರು ತೂಬಿನ ಹತ್ತಿರ ಗುದ್ದಾಡುವುದಕ್ಕೂ ಸಾಕಾಗಿ ಮಿಗುವಷ್ಟು ನೀರಿದೆ. ಇಂಥ ಊರಲ್ಲಿದ್ದುಕೊಂಡು ಇಂಜಿನಿಯರ್ ಹೊನ್ನಪ್ಪನಿಗೆ ಮಾತ್ರ ಆ ನೀರು ಸಾಲಲಿಲ್ಲ. ಅವನಿಗೆ ಸಮುದ್ರದ ನೀರೇ ಬೇಕಾಯಿತು. ಅದೂ ಯಾತಕ್ಕೆಂದರೆ, ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಇಟ್ಟು ಅದರಲ್ಲಿ ಒಂದು ಮೀನು ಸಾಕುವುದಕ್ಕೆ.

ಒಂದು ಮೀನು ಎಂದು ಯಾರಾದರೂ ಅಂದರೆ ಹೊನ್ನಪ್ಪನಿಗೆ ಸಿಟ್ಟು ಬರುತ್ತಿತ್ತು. ಅದು ಎಂಪರರ್ ಏಂಜೆಲ್, ಮೀನುಗಳ ಚಕ್ರವರ್ತಿ. ಎರಡು ವರ್ಷದ ಹಿಂದೆ ಇಲಾಖೆಯವರು ಅವನನ್ನು ಹತ್ತು ದಿನದ ತರಬೇತಿಗೆಂದು ಮದ್ರಾಸಿಗೆ ಕಳಿಸಿದ್ದರು. ತರಬೇತಿಯಲ್ಲಿ ಏನು ಕಲಿತನೆಂಬುದು ಇವತ್ತಿನವರೆಗೆ ಅವನಿಗೂ ಗೊತ್ತಿಲ್ಲ. ಸಂಜೆ ಹೊತ್ತು ಕಳೆಯಲು ಒಂದು ಮೀನಿನಂಗಡಿಗೆ ಹೊಕ್ಕವನು ಅಲ್ಲಿ ಇದನ್ನು ಕಂಡು ನಿಂತುಬಿಟ್ಟ. ಹೆಬ್ಬೆರಳಿನಷ್ಟಿತ್ತು. ಕಡುನೀಲಿ ಮೈ, ಅದರ ಮೇಲೆ ಒಂದರೊಳಗೊಂದು ಬಿಳಿ ಬಳೆ. ಅಂಗಡಿಯವನು ಹೇಳಿದ: "ಇದು ಮರಿ ಸರ್. ಬೆಳೆದ ಮೇಲೆ ಈ ಬಳೆ ಎಲ್ಲ ಹೋಗಿ ಮೈತುಂಬ ಹಳದಿ ಗೆರೆ ಬರುತ್ತೆ. ನೋಡೋಕೆ ಪುಣ್ಯ ಬೇಕು." ತನಗೆ ಆ ಪುಣ್ಯ ಇದೆಯೆಂದು ಹೊನ್ನಪ್ಪನಿಗೆ ಅಲ್ಲೇ ಅನ್ನಿಸಿತು. ಅಂಗಡಿಯವನೂ ಇದೆ ಎಂದೇ ಹೇಳಿದ. ತೊಟ್ಟಿ ಸಿದ್ಧವಾದ ಮೇಲೆ ಬಂದು ಒಯ್ಯುತ್ತೇನೆಂದು ಹೊನ್ನಪ್ಪ ಮುಂಗಡ ಕೊಟ್ಟು ಬಂದ.

ಸಮುದ್ರ ಎಂದರೆ ಉಪ್ಪುನೀರು ತಾನೇ ಎಂದು ಮೊದಲು ಅವನು ದಿನಸಿ ಅಂಗಡಿಯಿಂದ ಕಲ್ಲುಪ್ಪು ತರಿಸಿ ನಲ್ಲಿ ನೀರಿಗೆ ಕಲಸಿದ. ಪರೀಕ್ಷೆಗೆಂದು ಬಿಟ್ಟ ಎರಡು ಸಣ್ಣ ಮೀನುಗಳು ಮಾರನೆಯ ದಿನ ಬೆಳಗ್ಗೆ ಮೇಲೆ ತೇಲುತ್ತಿದ್ದವು. ಆಮೇಲೆ ಚಲುವಯ್ಯನನ್ನು ಹಿಡಿದ. ಚಲುವಯ್ಯ ಲಾರಿ ಡ್ರೈವರು. ಪಾಂಡವಪುರದಿಂದ ಬೆಲ್ಲ ಹೇರಿಕೊಂಡು ಮಂಗಳೂರಿಗೆ ಹೋಗಿ, ಬರುವಾಗ ಹೆಂಚು ತರುತ್ತಿದ್ದ. ಇನ್ನುಮೇಲೆ ಹೆಂಚಿನ ಜೊತೆ ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ಸಮುದ್ರವೂ ಬರತೊಡಗಿತು. "ಬೆಲ್ಲ ಕೊಟ್ಟು ಉಪ್ಪು ತತ್ತಾ ಇವ್ನಿ, ನಮ್ ಇಂಜಿನಿಯರ್ ಬುದ್ಧಿಗೆ ಏನ್ ಏಳೋದು," ಎಂದು ಚಲುವಯ್ಯ ದಾರಿಯುದ್ದಕ್ಕೂ ಇರುವ ಟೀ ಅಂಗಡಿಗಳಲ್ಲೆಲ್ಲ ಹೇಳಿಕೊಂಡು ಬಂದ.

ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಅಳೆಯಲು ಒಂದು ಉಪಕರಣ ಬೇಕಿತ್ತು. ಅದು ಮದ್ರಾಸಿನಲ್ಲಿ ಸಿಗುತ್ತದೆ, ಪಾಂಡವಪುರದಲ್ಲಿ ಸಿಗುವುದಿಲ್ಲ. ಆದರೆ ಬೀದಿಯ ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರು ಇತ್ತು. ಹಾಲಿಗೆ ನೀರು ಬಿದ್ದಿದೆಯೇ ಎಂದು ಹೇಳುವ ಆ ಗಾಜಿನ ಕಡ್ಡಿ ಸಮುದ್ರದಲ್ಲಿ ಅದ್ದಿದರೂ ನಾಚಿಕೆಯಿಲ್ಲದೆ ಇಪ್ಪತ್ತನಾಲ್ಕು ತೋರಿಸಿತು. ಒಳ್ಳೆಯ ಸಮುದ್ರಕ್ಕೆ ಅಷ್ಟೇ ಬೇಕು. ಡೈರಿ ಸೆಕ್ರೆಟರಿ ಚಿಕ್ಕಸ್ವಾಮಿ ಅದನ್ನು ವಾರಕ್ಕೊಮ್ಮೆ ಕೈಗಡ ಕೊಡುತ್ತಿದ್ದ. "ಎಷ್ಟು ಕೇಜಿ ಬಂದ್ಮೇಲೆ ಕುಯ್ಯಾದು ಸಾರ್?" ಎಂದು ಅವನು ಒಮ್ಮೆ ಕೇಳಿದ್ದಕ್ಕೆ ಹೊನ್ನಪ್ಪ ಮಾತು ಬಿಟ್ಟಿದ್ದ. ಮುಂದಿನ ಭಾನುವಾರ ಲ್ಯಾಕ್ಟೋಮೀಟರು ಬೇಕಾದಾಗ ಮಾತು ತಾನಾಗಿ ಬಂತು.

ಇಷ್ಟೆಲ್ಲ ಮಾಡಿದ್ದು ಹೊನ್ನಪ್ಪ ಎಂದು ಊರು ತಿಳಿದಿತ್ತು. ಹೊನ್ನಪ್ಪನೂ ಹಾಗೇ ತಿಳಿದಿದ್ದ. ನಿಜವಾಗಿ ಮೀನು ಸಾಕಿದವಳು ಅವನ ಹೆಂಡತಿ ಯಶೋಧರಾ. ಅವನು ಬೆಳಗ್ಗೆ ಸ್ಕೂಟರು ಹತ್ತಿ ಕೆ.ಆರ್.ಎಸ್.ಗೆ ಹೋಗಿ ಸಂಜೆ ಬಂದು, ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತು, ಬಂದವರಿಗೆ ವಿವರಿಸುತ್ತಿದ್ದ. ಅವಳು ಒಣಸೀಗಡಿ ನೆನೆಸಿ, ಚೂರು ಮಾಡಿ, ಸೊಪ್ಪು ಹೆಚ್ಚಿ ತಿನ್ನಿಸುತ್ತಿದ್ದಳು. ಕರೆಂಟು ಹೋದರೆ ಗಾಳಿಯ ಪಂಪು ನಿಲ್ಲುತ್ತಿತ್ತು. ಆಗ ಅವಳು ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಮೇಲಿಂದ ಸುರಿಯುತ್ತ, ಕರೆಂಟು ಬರುವವರೆಗೆ ನಿಂತೇ ಇರುತ್ತಿದ್ದಳು. ವಾರಕ್ಕೊಂದು ಕ್ಯಾನು ನೀರು ಬದಲಿಸುವುದೂ ಅವಳೇ. ಹಾಕುವ ಮೊದಲು ಒಂದು ಹನಿ ನಾಲಿಗೆಯ ಮೇಲೆ ಇಟ್ಟುಕೊಂಡು, ಸರಿ ಎನ್ನಿಸಿದರೆ ಲೋಟದಲ್ಲಿ ಸ್ವಲ್ಪಸ್ವಲ್ಪವೇ ಬಿಡುತ್ತಿದ್ದಳು. ಗಂಡ ಚಕ್ರವರ್ತಿ ಎನ್ನುತ್ತಿದ್ದ ಮೀನನ್ನು ಅವಳು ಚಿನ್ನು ಎಂದು ಕರೆಯುತ್ತಿದ್ದಳು. ಅದು ಅವಳ ಬೆರಳು ಕಂಡರೆ ಓಡಿ ಬರುತ್ತಿತ್ತು. ಹೊನ್ನಪ್ಪನ ಬೆರಳು ಕಂಡರೆ ಕಲ್ಲಿನ ಹಿಂದೆ ಹೋಗುತ್ತಿತ್ತು. ಅದಕ್ಕೆ ಅವನು ಬಂದವರ ಮುಂದೆ "ರಾಜಗಾಂಭೀರ್ಯ" ಎನ್ನುತ್ತಿದ್ದ.

ಆದರೂ ಅವನಿಗೆ ಮೀನಿನ ಮೇಲೆ ಪ್ರೀತಿ ಇರಲಿಲ್ಲ ಎನ್ನುವಂತಿಲ್ಲ. ಇತ್ತು. ಆಫೀಸಿನಲ್ಲಿ ಅವನು ಯಾರೂ ಅಲ್ಲ. ನಾಲೆಗೆ ಎಷ್ಟು ನೀರು ಬಿಟ್ಟರೆಂದು ಬರೆದುಕೊಳ್ಳುವ ಇಪ್ಪತ್ತು ಜನರಲ್ಲಿ ಒಬ್ಬ. ಮನೆಗೆ ಬಂದು ಆ ತೊಟ್ಟಿಯ ಲೈಟು ಹಾಕಿದಾಗ ಮಾತ್ರ ಅವನು ಜಿಲ್ಲೆಯಲ್ಲೇ ಸಮುದ್ರ ಇಟ್ಟುಕೊಂಡಿರುವ ಒಬ್ಬನೇ ಮನುಷ್ಯನಾಗುತ್ತಿದ್ದ.

ತೊಂಬತ್ತೈದನೇ ಇಸವಿಯ ದೀಪಾವಳಿಗೆ ಮೂರು ವಾರ ಇರುವಾಗ ಅವನಿಗೆ ವರ್ಗದ ಆರ್ಡರು ಬಂತು. ರಾಯಚೂರಿನ ಆಚೆ ಯಾವುದೋ ನಾಲೆ. ಹಬ್ಬ ಮುಗಿದು ಹದಿನೈದು ದಿನದೊಳಗೆ ಹೋಗಿ ಸೇರಿಕೊಳ್ಳಬೇಕು. ಬೇರೆಯವರಾದರೆ ಮನೆ ಬಾಡಿಗೆ, ಊಟ, ಬಿಸಿಲು ಎಂದು ಪೇಚಾಡುತ್ತಾರೆ. ಹೊನ್ನಪ್ಪ ಸೀದಾ ಮದ್ರಾಸಿನ ಅಂಗಡಿಗೆ ಫೋನು ಮಾಡಿದ. "ಅಷ್ಟು ದೂರ, ಆ ಬಿಸಿಲಲ್ಲಿ ಬದುಕಲ್ಲ ಸರ್," ಎಂದು ಅಂಗಡಿಯವನು ಖಂಡಿತವಾಗಿ ಹೇಳಿದ. "ಅದೂ ಬಣ್ಣ ಬದಲಾಯಿಸೋ ಹೊತ್ತಲ್ಲಿ." ಬಣ್ಣ ಬದಲಾಗಲು ಆಗಲೇ ಶುರುವಾಗಿತ್ತು. ಅಂಗೈಯಗಲ ಬೆಳೆದಿದ್ದ ಮೀನಿನ ಬಾಲದ ಕಡೆ ಬಿಳಿ ಬಳೆಗಳು ತುಂಡಾಗಿ, ಅವುಗಳ ನಡುವೆ ದಾರದಷ್ಟು ತೆಳ್ಳಗಿನ ಹಳದಿ ಗೆರೆ ಎದ್ದಿದ್ದವು. ಒಂದರ್ಧ ಮರಿ, ಒಂದರ್ಧ ಚಕ್ರವರ್ತಿ.

ವರ್ಗ ನಿಲ್ಲಬೇಕು, ಇಲ್ಲವಾದರೆ ಮೀನು ಸಾಯಬೇಕು. ಹೊನ್ನಪ್ಪನಿಗೆ ವಿಷಯ ಇಷ್ಟು ನೇರವಾಗಿ ಕಂಡಿತು. ಮೈಸೂರಿನಲ್ಲಿದ್ದ ದೊಡ್ಡ ಇಂಜಿನಿಯರು ಸಿದ್ದರಾಜು ಸಾಹೇಬರ ಮುಂದೆ ಅರ್ಜಿ ಹಿಡಿದುಕೊಂಡು ನಿಂತ. ಮೀನಿಗಾಗಿ ಎಂದು ಅರ್ಜಿಯಲ್ಲಿ ಬರೆಯಲಾಗುವುದಿಲ್ಲ. ಹಾಗಾಗಿ, ಹಾಸಿಗೆ ಹಿಡಿದ ವೃದ್ಧ ತಾಯಿಯನ್ನು ನೋಡಿಕೊಳ್ಳಬೇಕಾಗಿರುವುದರಿಂದ ಎಂದು ಬರೆದಿದ್ದ. ಆ ತಾಯಿ ಚಿಕ್ಕಬೋರಮ್ಮ ಅದೇ ಹೊತ್ತಿಗೆ ಅಕ್ಕಿಹೆಬ್ಬಾಳಿನಲ್ಲಿ ಹುಲ್ಲಿನ ಹೊರೆ ತಲೆಮೇಲೆ ಹೊತ್ತುಕೊಂಡು ಹೇಮಾವತಿ ದಂಡೆಯ ಮೇಲೆ ಬರುತ್ತಿದ್ದಿರಬೇಕು.

ಸಾಹೇಬರು ಅರ್ಜಿ ಓದದೆ ಪಕ್ಕಕ್ಕಿಟ್ಟರು. "ನಿಮ್ಮ ಮನೇಲಿ ಅದೇನೋ ಸಮುದ್ರದ ಮೀನು ಇದೆಯಂತಲ್ರೀ?"

ಹೊನ್ನಪ್ಪನ ಮೈಯೆಲ್ಲ ಬಾಯಾಯಿತು. ಕಾಲು ಗಂಟೆ ಹೇಳಿದ. ಸಾಹೇಬರು ಕೇಳಿಸಿಕೊಂಡು, "ಪಾಡ್ಯಮಿ ದಿನ ಮನೆಯವರ ಜೊತೆ ಕೆ.ಆರ್.ಎಸ್.ಗೆ ಬರ್ತಾ ಇದೀನಿ. ಹಾಗೇ ನಿಮ್ಮಲ್ಲಿಗೂ ಬಂದು ನೋಡ್ತೀನಿ. ನಿಮ್ಮ ವಿಷಯ ಆಮೇಲೆ ನೋಡೋಣ," ಎಂದರು. ಆ ಮೀನಿನ ಮುಂದೆ ಐದು ನಿಮಿಷ ನಿಂತ ಮನುಷ್ಯ ಅದನ್ನೂ ತನ್ನನ್ನೂ ಅಗಲಿಸಲಾರ ಎಂದು ಹೊನ್ನಪ್ಪನಿಗೆ ಖಾತರಿಯಾಯಿತು. ಬರುವ ದಾರಿಯಲ್ಲಿ ಚಲುವಯ್ಯನಿಗೆ ಹೇಳಿಕಳಿಸಿದ: ಈ ಸಲ ಜಾಸ್ತಿ ನೀರು ಬೇಕು, ಎಷ್ಟು ಹಿಡಿಸುತ್ತೋ ಅಷ್ಟು.

ಆ ವರ್ಷ ದೀಪಾವಳಿಯ ಅಮಾವಾಸ್ಯೆಗೆ ಸೂರ್ಯಗ್ರಹಣ ಬಂದಿತ್ತು. ಟಿ.ವಿ.ಯಲ್ಲಿ, ಪೇಪರಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲೆಲ್ಲೂ ಅದೇ ಮಾತು. ಯಶೋಧರಾ ಹಬ್ಬಕ್ಕೆಂದು ಭಾನುವಾರವೇ ಶ್ರೀರಂಗಪಟ್ಟಣದ ತವರಿಗೆ ಹೋಗಿದ್ದಳು. ಪಾಡ್ಯಮಿಯ ಬೆಳಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಚಿನ್ನುವಿಗೆ ಸೀಗಡಿ ಹಾಕಿ ಎಂದಿದ್ದಳು. ಅವಳು ಹೋದ ದಿನವೇ ಕೆ.ಆರ್. ಪೇಟೆ ಬಸ್ಸಿನಲ್ಲಿ ಚಿಕ್ಕಬೋರಮ್ಮ ಬಂದಿಳಿದಳು. ಜೊತೆಗೆ ಅವಳ ನಾದಿನಿ ಮಾದಮ್ಮ. ಹಾಸಿಗೆ ಹಿಡಿದ ವೃದ್ಧ ತಾಯಿ ಸಾಹೇಬರ ಕಣ್ಣಿಗೆ ಬೀಳಲಿ ಎಂದು ಹೊನ್ನಪ್ಪನೇ ಕರೆಸಿದ್ದ.

"ನಾನ್ಯಾಕ್ಲಾ ಮನೀಕೊಂಬೇಕು, ನಂಗೇನಾಗದೆ?" ಎಂದಳು ಚಿಕ್ಕಬೋರಮ್ಮ.

"ಸಾಹೇಬ್ರು ಬಂದಾಗ ಒಂದರ್ಧ ಗಂಟೆ ಅವ್ವ. ಒಸಿ ನರಳು, ಸಾಕು."

ಮಂಗಳವಾರ ಬೆಳಗ್ಗೆ ಗ್ರಹಣ. ಹೊನ್ನಪ್ಪ ಓದಿದವನು, ಅವನಿಗೆ ಗ್ರಹಣದ ಭಯವಿಲ್ಲ. ಹಿಂದೊಮ್ಮೆ ಸ್ಕೂಟರಿನಿಂದ ಬಿದ್ದಾಗ ತೆಗೆಸಿದ್ದ ತನ್ನದೇ ಮೊಣಕಾಲಿನ ಎಕ್ಸ್‌ರೇ ಫಿಲಮ್ಮು ಹಿಡಿದುಕೊಂಡು ಕೆ.ಆರ್.ಎಸ್.ಗೆ ಹೋಗಿ, ಆಫೀಸಿನವರೆಲ್ಲರಿಗೂ ತನ್ನ ಮೂಳೆಯ ಮೂಲಕ ಸೂರ್ಯನನ್ನು ತೋರಿಸಿದ. ಮೂಢನಂಬಿಕೆ ಎಂಬ ವಿಷಯದ ಮೇಲೆ ಸಣ್ಣದೊಂದು ಭಾಷಣವನ್ನೂ ಮಾಡಿದ. ಸಂಜೆ ಮನೆಗೆ ಬಂದಾಗ ಅಂಗಳದಲ್ಲಿ ಐದು ಬಿಳಿ ಕ್ಯಾನುಗಳು ಸಾಲಾಗಿ ಕೂತಿದ್ದವು. ಬೆಳಗ್ಗೆ ಅವನು ಹೊರಟ ಕೂಡಲೇ ಚಲುವಯ್ಯ ಇಳಿಸಿ ಹೋಗಿದ್ದನಂತೆ. ಅಂಗಳವೆಲ್ಲ ತೊಳೆದಂತೆ ಒದ್ದೆಯಾಗಿತ್ತು. ಹಬ್ಬ, ತೊಳೆದಿರಬೇಕು ಎಂದುಕೊಂಡ.

ಪಾಡ್ಯಮಿಯ ಬೆಳಗ್ಗೆ ಒಂಬತ್ತಕ್ಕೆ ಹೊನ್ನಪ್ಪ ಪಂಚೆ ಎತ್ತಿ ಕಟ್ಟಿದ. ತೊಟ್ಟಿಯ ನೀರು ಸ್ವಲ್ಪ ಹಳದಿಗೆ ತಿರುಗಿತ್ತು. ಸಾಹೇಬರು ಬರುವಾಗ ಅದು ಗಾಜಿನಂತೆ ಹೊಳೆಯಬೇಕು. ಎರಡು ವರ್ಷದಲ್ಲಿ ಅವನು ತಾನಾಗಿ ನೀರು ಬದಲಿಸುತ್ತಿದ್ದದ್ದು ಇದೇ ಮೊದಲು. ಹೆಂಡತಿ ವಾರಕ್ಕೊಂದು ಕ್ಯಾನು ಹಾಕುವುದನ್ನು ನೋಡಿ ಅವನಿಗೆ ಯಾವಾಗಲೂ ಇದು ಹೆಂಗಸರ ನಿಧಾನ ಎನ್ನಿಸುತ್ತಿತ್ತು. ಲ್ಯಾಕ್ಟೋಮೀಟರಿಗೆ ಡೈರಿಗೆ ಹೋದರೆ, ಹಬ್ಬದ ವಾರ ಹಾಲಿಗೆ ನೀರು ಬೀಳುವುದು ಜಾಸ್ತಿ, ಮಧ್ಯಾಹ್ನದವರೆಗೆ ಕೊಡಲಾಗುವುದಿಲ್ಲ ಎಂದು ಚಿಕ್ಕಸ್ವಾಮಿ ಹೇಳಿದ. ನಾಲಿಗೆಗೆ ಹಚ್ಚಿ ನೋಡಬಹುದಿತ್ತು. ಆದರೆ ಇಂಜಿನಿಯರಾದವನು ಉಪಕರಣವನ್ನು ನಂಬುತ್ತಾನೆ. ಉಪಕರಣ ಇಲ್ಲದಿದ್ದರೆ ದೇವರ ಮೇಲೆ ಭಾರ ಹಾಕುತ್ತಾನೆ. ತೊಟ್ಟಿಯಿಂದ ಅರ್ಧ ನೀರು ಹೊರಗೆ ಚೆಲ್ಲಿ, ಐದು ಕ್ಯಾನನ್ನೂ ಒಂದರ ಹಿಂದೊಂದು ದಬದಬ ಸುರಿದ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ನೀರು ನಿಜಕ್ಕೂ ಹೊಳೆಯುತ್ತಿತ್ತು. ಮೀನು ಎರಡು ಸುತ್ತು ಜೋರಾಗಿ ಓಡಿದ್ದನ್ನು ಕಂಡು, ಹೊಸ ನೀರು ಅದಕ್ಕೂ ಇಷ್ಟವಾಗಿದೆ ಎಂದುಕೊಂಡ.

ಹನ್ನೊಂದಕ್ಕೆ ಯಶೋಧರಾ ಬಂದಳು. ಬ್ಯಾಗು ಕೆಳಗಿಟ್ಟು ತೊಟ್ಟಿಗೆ ಬೆರಳು ತೋರಿಸಿದಳು. ಮೀನು ಬರಲಿಲ್ಲ. ಅದು ಮೂಲೆಯಲ್ಲಿ ಕಲ್ಲಿಗೆ ಒರಗಿಕೊಂಡು, ಕಿವಿರನ್ನು ಬೇಗಬೇಗ ಬಡಿಯುತ್ತ, ಒಂದು ಪಕ್ಕಕ್ಕೆ ವಾಲಿತ್ತು. ನೀಲಿ ಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳು ತೊಟ್ಟಿಯ ನೀರಿನಲ್ಲಿ ಬೆರಳು ಅದ್ದಿ ನಾಲಿಗೆಯ ಮೇಲೆ ಇಟ್ಟುಕೊಂಡಳು.

"ಇದು ಸಮುದ್ರ ಅಲ್ಲ ಕಣ್ರಿ."

"ನಿನ್ ನಾಲಿಗೇನೇ ಸರಿ ಇಲ್ಲ. ಹಬ್ಬದ ಅಡುಗೆ ತಿಂದು ಬಂದಿದ್ದೀಯ," ಎಂದ ಹೊನ್ನಪ್ಪ. ಹಾಗೆಂದರೂ ಓಡಿದ. ಈ ಸಲ ಚಿಕ್ಕಸ್ವಾಮಿ ತಾನೇ ಲ್ಯಾಕ್ಟೋಮೀಟರು ಹಿಡಿದುಕೊಂಡು ಬಂದ. ಕಡ್ಡಿ ಗಾಜಿನ ಜಾಡಿಯಲ್ಲಿ ಮೇಲೆ ಕೆಳಗೆ ಆಡಿ, ಹನ್ನೆರಡಕ್ಕೆ ನಿಂತಿತು.

ಚಿಕ್ಕಸ್ವಾಮಿ ವೃತ್ತಿಗೌರವದಿಂದ ತೀರ್ಪು ಕೊಟ್ಟ. "ಅರ್ದಕ್ಕರ್ದ ನೀರು ಸಾರ್. ನಮ್ ಡೈರೀಲಾಗಿದ್ರೆ ಕ್ಯಾನು ವಾಪಸ್ ಕಳಿಸ್ಬುಡ್ತಿದ್ವಿ."

ಹೊನ್ನಪ್ಪ ಮೊದಲು ಚಲುವಯ್ಯನ ವಂಶವನ್ನು ಬೈದ. ಸಮುದ್ರದಲ್ಲೂ ಕಳ್ಳತನ ಮಾಡುವ ಲಾರಿ ಡ್ರೈವರುಗಳಿಂದ ದೇಶ ಹೀಗಾಗಿದೆ ಎಂದ. ಅಷ್ಟರಲ್ಲಿ ಹಿತ್ತಲಿಂದ ಬಂದ ಚಿಕ್ಕಬೋರಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದಳು:

"ಅವನ್ನ್ಯಾಕ್ಲಾ ಬಯ್ಯೀಯೆ ಒನ್ನಪ್ಪ. ಅವ್ನು ಆರು ಕ್ಯಾನು ಕರೆಟ್ಟಾಗಿ ತಂದು ಇಳಿಸ್ದ. ಮಿಂದದ್ದು ನಾವು."

"ಮಿಂದದ್ದಾ?"

"ಊ ಕಣಪ್ಪ. ಅಯ್ನೋರು ಏಳಿದ್ರು, ಈ ಗ್ರಹಣ ಬುಟ್ಟಾಗ ಸಮುದ್ರಸ್ನಾನ ಮಾಡುದ್ರೆ ಏಳು ಜನ್ಮದ್ದು ಓಯ್ತದೆ ಅಂತ. ನಾವೆಲ್ಲಿ ಮಂಗ್ಳೂರಿಗೆ ಓಗಕ್ಕಾದದು? ಸಮುದ್ರವೇ ಬಂದು ಬಾಗ್ಲಲ್ಲಿ ಕುಂತಿತ್ತು. ನಾನು, ಮಾದಮ್ಮ, ಬೀದಿಯೋರು, ಎಲ್ಲಾ ಸೇರಿ ಅದಿನೇಳು ಜನ. ತಲೆಗೆ ನಾಕ್ನಾಕು ಚೊಂಬು. ಎಲ್ಲಾ ನಿನ್ನ ಎಸರೇಳಿ ಅರಸಿದ್ರು."

ಹೊನ್ನಪ್ಪ ಕೆ.ಆರ್.ಎಸ್.ನಲ್ಲಿ ಮೂಢನಂಬಿಕೆಯ ಮೇಲೆ ಭಾಷಣ ಮಾಡುತ್ತಿದ್ದ ಹೊತ್ತಿಗೆ ಅವನ ಅಂಗಳದಲ್ಲಿ ಬೀದಿಗೆ ಬೀದಿಯೇ ಒದ್ದೆ ಸೀರೆಯಲ್ಲಿ ನಿಂತು ಮೋಕ್ಷ ಪಡೆದಿತ್ತು.

"ಮತ್ತೆ ಕ್ಯಾನು ತುಂಬಿತ್ತಲ್ಲವ್ವ?"

"ಅಬ್ಬದ ದಿನ ಖಾಲಿ ಪಾತ್ರೆ ಮಡಗ್ತಾರೇನ್ಲಾ ಮನೇಲಿ? ಇನ್ನೊಬ್ರ ಪಾತ್ರೆ ಬರಿದು ಮಾಡಿ ಅಂಗೇ ವಾಪಸ್ ಕೊಡ್ತಾರಾ? ನಾನೇನು ಅಷ್ಟು ತಿಳೀದೋಳಾ? ನಲ್ಲೀಲಿ ಕಾವೇರಿ ನೀರು ಬತ್ತಿತ್ತು, ತುಂಬಿಸ್ದೆ. ನಿನ್ ಮೀನಿಗೆ ಸಪ್ಪೆ ಆದಾತು ಅಂತ ಒಂದೊಂದಕ್ಕೂ ಒಂದೊಂದು ಇಡಿ ಉಪ್ಪೂ ಆಕಿವ್ನಿ."

ಇದರಲ್ಲಿ ಕೆಟ್ಟತನ ಒಂದು ಹನಿಯೂ ಇರಲಿಲ್ಲ. ಮೊಸರು ಕೊಟ್ಟವರ ಪಾತ್ರೆಗೆ ನಾಲ್ಕು ಹುರುಳಿಕಾಳಾದರೂ ಹಾಕಿ ಹಿಂತಿರುಗಿಸುವ ಹೆಂಗಸು ಅವಳು. ಸಮುದ್ರ ತೆಗೆದುಕೊಂಡಳು, ಅದರ ಬದಲಿಗೆ ಕಾವೇರಿ ಇಟ್ಟಳು. ಅವಳ ಪ್ರಕಾರ ಮೀನಿಗೇ ಲಾಭವಾಗಿತ್ತು. ಬ್ಲೀಚಿಂಗ್ ಪೌಡರಿನ ಘಾಟು ಹೊಡೆಯುತ್ತಿದ್ದ ಆ ಲಾಭದಲ್ಲಿ ಮೀನು ಉಸಿರಿಗೆ ಒದ್ದಾಡುತ್ತಿತ್ತು.

"ಅತ್ತೆ, ಆರು ಅಂದ್ರಿ. ಇಲ್ಲಿರೋದು ಐದೇ ಅಲ್ವಾ?" ಎಂದಳು ಯಶೋಧರಾ.

ಚಿಕ್ಕಬೋರಮ್ಮ ಮುಖ ಆಚೆ ತಿರುಗಿಸಿದಳು. ಆಮೇಲೆ ಗೊತ್ತಾಯಿತು. ಆರನೇ ಕ್ಯಾನು ಅವಳ ಮಂಚದ ಕೆಳಗಿತ್ತು, ಸೀರೆ ಮುಚ್ಚಿಸಿಕೊಂಡು. ಅದು ಅಸಲು ಸಮುದ್ರ. ನಾಗಮಂಗಲಕ್ಕೆ ಕೊಟ್ಟ ಮಗಳಿಗೆಂದು ಎತ್ತಿಟ್ಟದ್ದು. "ಆ ಬೆಂಗಾಡಲ್ಲಿ ಅವಳಿಗೆ ಒಳೆಯೂ ಇಲ್ಲ, ಸಮುದ್ರವೂ ಇಲ್ಲ ಕಣವ್ವ," ಎಂದಳು. ಸೊಸೆಯ ಮುಖ ನೋಡಿ, ಮೂಲೆಯಲ್ಲಿ ವಾಲಿದ್ದ ಮೀನನ್ನು ನೋಡಿ, ತಾನೇ ಬಗ್ಗಿ ಕ್ಯಾನನ್ನು ಎಳೆದುಕೊಟ್ಟಳು. ಮಗಳಿಗೆ ಮುಂದೆ ಯಾವಾಗಲಾದರೂ ಆದೀತು ಎಂದಳು.

ದಾರಿ ಸಿಕ್ಕಿತು. ಇಪ್ಪತ್ತು ಲೀಟರು ಒಳ್ಳೆಯ ನೀರು. ಪ್ಲಾಸ್ಟಿಕ್ ಟಬ್ಬಿಗೆ ಸುರಿದು ಮೀನನ್ನು ಅದಕ್ಕೆ ಬಿಟ್ಟರೆ ಚಲುವಯ್ಯನ ಮುಂದಿನ ಲಾರಿ ಬರುವವರೆಗೆ ಹೇಗೋ ಕಾಯಬಹುದು. ಯಶೋಧರಾ ಟಬ್ಬು ಉಜ್ಜಿ ತೊಳೆದಳು. ಹೊನ್ನಪ್ಪ ಗಾಳಿಯ ಪಂಪಿನ ಪೈಪು ಟಬ್ಬಿನೊಳಕ್ಕೆ ಎಳೆದ. ಇಷ್ಟು ವರ್ಷದ ಸಂಸಾರದಲ್ಲಿ ಗಂಡಹೆಂಡತಿ ಹೀಗೆ ಒಂದು ಕೆಲಸವನ್ನು ಜೊತೆಗೆ ಮಾಡಿದ್ದು ಅಪರೂಪ. ಅವಳು ಕ್ಯಾನಿನ ಮುಚ್ಚಳ ತಿರುಗಿಸಿದಳು. ಸಮುದ್ರದ ವಾಸನೆ ನಡುಮನೆಗೆ ಬಂತು. ಆಗಲೇ ಹೊರಗೆ ಜೀಪಿನ ಹಾರನ್ನು ಕೇಳಿಸಿದ್ದು.

ಸಾಹೇಬರು ಮಧ್ಯಾಹ್ನ ಮೂರಕ್ಕೆ ಬರುವವರು, ಹನ್ನೆರಡೂವರೆಗೇ ಬಂದಿದ್ದರು. ಹಾಸಿಗೆ ಹಿಡಿದಿರಬೇಕಾಗಿದ್ದ ವೃದ್ಧ ತಾಯಿ ಧಡಧಡ ನಡೆದು ಹೋಗಿ ಗೇಟು ತೆಗೆದಳು. ನರಳಬೇಕೆಂಬುದು ನೆನಪಾಗಿ ಒಂದು ಸಲ ನರಳಿಯೂ ನರಳಿದಳು. ಆಮೇಲೆ ತಡೆಯಲಾರದೆ, ಸಾಹೇಬರ ಜೊತೆ ಬಂದಿದ್ದ ಅವರ ಹೆಂಡತಿ, ಮೇಡಂ, ಕೈಕಾಲು ತೊಳೆಯುವಷ್ಟರಲ್ಲಿ ಗ್ರಹಣ, ಸ್ನಾನ, ಹದಿನೇಳು ಹೆಂಗಸರು, ಮಂಚದಡಿಯ ಕ್ಯಾನು ಎಲ್ಲವನ್ನೂ ಹೇಳಿ ಮುಗಿಸಿದಳು. ಮಗನ ಕೀರ್ತಿ ದೊಡ್ಡವರ ಕಿವಿಗೆ ಬೀಳಲಿ ಎಂದೇ ಹೇಳಿದ್ದು.

ಸಾಹೇಬರು ಬಂದು ತೊಟ್ಟಿಯ ಮುಂದೆ ನಿಂತರು. ಐದು ನಿಮಿಷವಲ್ಲ, ಐದು ಕ್ಷಣ.

"ಚೆನ್ನಾಗಿದೆ ಕಣ್ರೀ ಮೀನು. ಒರಗ್ಬಿಟ್ಟಿದೆಯಲ್ಲ, ನಿದ್ದೇನಾ?"

"ಹೌದು ಸರ್. ಈ ಹೊತ್ತಲ್ಲಿ ಸ್ವಲ್ಪ ಮಲಗುತ್ತೆ," ಎಂದ ಹೊನ್ನಪ್ಪ.

ಮೇಡಂ ಮೀನಿನ ಕಡೆ ನೋಡಲೇ ಇಲ್ಲ. ಅವರ ಕಣ್ಣು ಕ್ಯಾನಿನ ಮೇಲಿತ್ತು. "ಇದೇನಾ ಸಮುದ್ರದ ನೀರು? ಅಸಲೀನಾ?" ಎಂದು ಮೂಸಿ ನೋಡಿ, ಹೊನ್ನಪ್ಪನ ಕಡೆ ತಿರುಗಿದರು. "ಇವರದು ತುಲಾ ರಾಶಿ ಹೊನ್ನಪ್ಪನವ್ರೇ. ಗ್ರಹಣ ಹಿಡಿದದ್ದು ಇವರ ರಾಶೀಲೇ. ಸಮುದ್ರಸ್ನಾನ ಆಗದಿದ್ರೆ ರಿಟೈರ್ ಆಗೋದ್ರೊಳಗೆ ಒಂದು ಗಂಡಾಂತರ ಇದೆ ಅಂದಿದ್ದಾರೆ ಜೋಯಿಸರು. ಇವರಿಗೆ ರಜಾ ಎಲ್ಲಿದೆ ಹೇಳಿ, ಮಂಗಳೂರಿಗೆ ಹೋಗೋಕೆ?"

ಸಾಹೇಬರು ತಲೆಯೆತ್ತಿ ಫ್ಯಾನು ನೋಡುತ್ತಿದ್ದರು. ಅಣೆಕಟ್ಟಿನ ನೀರನ್ನು ಇಂಚಿನ ಲೆಕ್ಕದಲ್ಲಿ ಬಿಡುವ ಆ ಮನುಷ್ಯ ಈಗ ಮದುವೆಯ ಗಂಡಿನ ಹಾಗೆ ನಾಚಿಕೊಂಡಿದ್ದರು. "ನಾನು ಇದನ್ನೆಲ್ಲ ನಂಬಲ್ಲ. ಇವಳ ಸಮಾಧಾನಕ್ಕೆ," ಎಂದರು.

ಯಶೋಧರಾ ಕ್ಯಾನಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಳು. "ರೀ," ಎಂದಳು ಗಂಡನಿಗೆ ಮಾತ್ರ ಕೇಳುವ ಹಾಗೆ. ಅದು ಎಲ್ಲರಿಗೂ ಕೇಳಿಸಿತು. "ಇದು ಚಿನ್ನುಗೆ."

"ಚಿನ್ನು ಯಾರು? ಮಗಳಾ?" ಎಂದು ಕೇಳಿದರು ಮೇಡಂ.

ಹೊನ್ನಪ್ಪ ತೊಟ್ಟಿಯ ಕಡೆ ನೋಡಿದ. ಮೀನು ಒಂದು ಸಲ ಏಳಲು ನೋಡಿ, ಆಗದೆ ಮತ್ತೆ ಕಲ್ಲಿಗೆ ಒರಗಿತು. ಬಾಲದ ಹತ್ತಿರದ ಹಳದಿ ಗೆರೆಗಳು ಲೈಟಿನ ಬೆಳಕಿನಲ್ಲಿ ಕಾಣುತ್ತಿದ್ದವು. ಇಲ್ಲ ಸರ್, ಇದೊಂದು ಕ್ಯಾನು ಬಿಟ್ಟುಬಿಡಿ, ಮುಂದಿನ ವಾರ ನಿಮಗೆ ಹತ್ತು ತರಿಸಿಕೊಡುತ್ತೇನೆ ಎನ್ನಬಹುದಿತ್ತು. ಅದನ್ನು ಹೇಳಿಕೊಡುವುದಕ್ಕೆ ಯಾವ ಇಲಾಖೆಯ ತರಬೇತಿಯೂ ಬೇಕಾಗಿರಲಿಲ್ಲ.

"ಯಾರೂ ಇಲ್ಲ ಮೇಡಂ," ಎಂದ.

ಚಿಕ್ಕಬೋರಮ್ಮನಿಗೇ ಮನಸ್ಸು ತಡೆಯಲಿಲ್ಲ. "ಅರ್ದರ್ದ ಮಾಡ್ಕಳಿ ಕಣಪ್ಪ. ಅದೂ ಜೀವ ಅಲ್ವಾ?" ಎಂದಳು. ತಲೆಯಿಂದ ಕಾಲಿನವರೆಗೆ ನೆನೆಯಬೇಕಂತೆ, ಇವರ ಮೈಗೆ ಇಪ್ಪತ್ತು ಲೀಟರೇ ಸಾಲುತ್ತೋ ಇಲ್ಲವೋ ಎಂದು ಮೇಡಂ ಗಂಡನ ಗಾತ್ರವನ್ನು ಕಣ್ಣಲ್ಲೇ ಅಳೆದರು. ಹೊನ್ನಪ್ಪ ಹೆಂಡತಿಯ ಕೈಯನ್ನು ಕ್ಯಾನಿನಿಂದ ಸರಿಸಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ. ಜೀಪಿನ ಡ್ರೈವರು ಎತ್ತಿಕೊಳ್ಳಲು ಬಂದರೆ, ಬೇಡ ಬೇಡ ಎಂದು ತಾನೇ ಹೆಗಲ ಮೇಲೆ ಹೊತ್ತು ಹೋಗಿ, ಹಿಂದಿನ ಸೀಟಿನಲ್ಲಿ ಅಲ್ಲಾಡದ ಹಾಗೆ ಇಟ್ಟ. ಮಗುವಿನ ಹಾಗೆ ಇಟ್ಟ. "ನಿಮ್ಮ ವಿಷಯ ನನ್ನ ತಲೇಲಿದೆ," ಎಂದರು ಸಾಹೇಬರು. ಜೀಪು ಹೋದ ಮೇಲೂ ಅವನು ಕೈ ಮುಗಿದುಕೊಂಡು ನಿಂತಿದ್ದ. ಒಳಗೆ ಬರಲು ಅವನಿಗೆ ಹೆದರಿಕೆಯಾಗಿತ್ತು.

ಮೀನು ನಾಲ್ಕು ಗಂಟೆಯವರೆಗೆ ಇತ್ತು. ಯಶೋಧರಾ ಚೊಂಬಿನಲ್ಲಿ ಮೊಗೆದು ಮೊಗೆದು ಮೇಲಿಂದ ಸುರಿದಳು, ಕರೆಂಟು ಇದ್ದರೂ ಸುರಿದಳು. ಹೊನ್ನಪ್ಪ ಅಡುಗೆಮನೆಯ ಡಬ್ಬಿಯಿಂದ ಕಲ್ಲುಪ್ಪು ತಂದು ನಿಂತ. ಅವಳು ನೋಡಿದ ನೋಟಕ್ಕೆ ವಾಪಸು ಇಟ್ಟು ಬಂದ. ಸತ್ತ ಮೇಲೆ ಅದು ಮೇಲಕ್ಕೆ ತೇಲಲಿಲ್ಲ, ಕಲ್ಲಿನ ಪಕ್ಕದಲ್ಲೇ ಮಲಗಿತ್ತು, ಸಾಹೇಬರಿಗೆ ಹೇಳಿದ ಹಾಗೆಯೇ. ಹೊನ್ನಪ್ಪ ಅತ್ತ. ಅಳು ನಿಜವಾದದ್ದೇ. ಆದರೆ ಆ ಮನೆಯಲ್ಲಿ ಆ ಹೊತ್ತು ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚಿಕ್ಕಬೋರಮ್ಮ ಮೂಗು ಒರೆಸಿಕೊಂಡು, "ಕಾವೇರಿ ನೀರಲ್ಲಿ ಪ್ರಾಣ ಬುಡ್ತು. ಪುಣ್ಯ ಮಾಡಿತ್ತು ಬುಡು," ಎಂದು ಸೊಸೆಯ ಬೆನ್ನು ಸವರಿದಳು. ಸೊಸೆ ಮೀನನ್ನು ಹಿತ್ತಲಿಗೆ ತೆಗೆದುಕೊಂಡು ಹೋದಳು.

ಹನ್ನೆರಡು ದಿನಕ್ಕೆ ಆರ್ಡರು ಬಂತು. ವರ್ಗಾವಣೆ ರದ್ದಾಗಿದೆ, ವೃದ್ಧ ತಾಯಿಯ ಅನಾರೋಗ್ಯವನ್ನು ಪರಿಗಣಿಸಿ ಸದರಿ ನೌಕರರನ್ನು ಅದೇ ಸ್ಥಳದಲ್ಲಿ ಮುಂದುವರಿಸಲಾಗಿದೆ. ಆಫೀಸಿನವರು ಸಿಹಿ ಕೇಳಿದರು, ಹೊನ್ನಪ್ಪ ಮೈಸೂರುಪಾಕು ತರಿಸಿ ಹಂಚಿದ. ಒಂದು ಡಬ್ಬ ಮನೆಗೂ ತಂದ. ಯಶೋಧರಾ ಆರ್ಡರನ್ನು ಎರಡು ಸಲ ಓದಿ ಮಡಿಸಿ ಅವನ ಕೈಗೇ ಕೊಟ್ಟಳು.

"ಯಾರಿಗೋಸ್ಕರ ಇಲ್ಲಿರೋದು ಈಗ?" ಎಂದು ಕೇಳಿದಳು. ವ್ಯಂಗ್ಯವಾಗಿ ಕೇಳಲಿಲ್ಲ, ಗೊತ್ತಾಗದೆ ಕೇಳಿದಳು.

ಅವನು ಮೈಸೂರುಪಾಕಿನ ಡಬ್ಬ ಬಿಚ್ಚುತ್ತಿರುವಾಗ ಫೋನು ಹೊಡೆದುಕೊಂಡಿತು. ಮೈಸೂರಿನಿಂದ ಸಾಹೇಬರ ಮನೆಯವರು. ಸ್ನಾನ ಆದ ಮೇಲೆ ಇವರ ಬೆನ್ನುನೋವೂ ಕಡಿಮೆಯಾಗಿದೆ, ಬರುವ ಅಮಾವಾಸ್ಯೆಗೆ ಎರಡು ಕ್ಯಾನು ಕಳಿಸಲಿಕ್ಕಾಗುತ್ತದೆಯೇ ಎಂದು ಕೇಳಿದರು. ಹೊನ್ನಪ್ಪ ಕುರ್ಚಿಯಿಂದ ಎದ್ದು ನೆಟ್ಟಗೆ ನಿಂತುಕೊಂಡಿದ್ದ.

"ಆಗ್ಲಿ ಮೇಡಂ," ಎಂದ. "ಎರಡೇ ಸಾಕಾ ಮೇಡಂ?"